ಕೆರೆಗೆ ನಾನು ಬಿಟ್ಟ ಮೀನು

ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಲು ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡರು, ಮರುವರ್ಷ ಅದನ್ನು ನೋಡಿಕೊಳ್ಳಲು ಬಿಬಿಎಂಪಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಸುಮಾರು 13 ಎಕರೆಯ ಆ ಕೆರೆಗೆ ನಾಮದ ಕೋಳಿ, ಕೆನ್ನೀಲಿ ಬಕ ಮರಳಿದವು. ಅಂಥ ಕೆರೆಗೆ ನಾನು ಕೇಡು ಮಾಡಿದೆ, ಅದೂ ಒಳ್ಳೆಯದಾಗಲಿ ಎಂದೇ.

ಮನೆಯ ಅಕ್ವೇರಿಯಂನಲ್ಲಿ ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕರ್ ಮೀನುಗಳಿದ್ದವು. ತಂದಾಗ ಬೆರಳುದ್ದ ಇದ್ದವು, ಬೆಳೆದು ತೊಟ್ಟಿಗೆ ಹಿಡಿಸದಾದವು. ಕೆರೆಗೂ ಮೀನು ಬೇಕಲ್ಲ, ಪಾಚಿಯೂ ಕಡಿಮೆಯಾದೀತು ಎಂದುಕೊಂಡು ಕೆಲವನ್ನು ಬಕೆಟ್‌ನಲ್ಲಿ ಒಯ್ದು ಬಿಟ್ಟುಬಂದೆ. ಎಷ್ಟೋ ಕಾಲದ ಮೇಲೆ ದಡದಲ್ಲಿ ಅದೇ ಜಾತಿಯ ಒಂದು ಮೀನು ಸತ್ತು ಒಣಗಿ ಬಿದ್ದಿತ್ತು. ಕೈಯಲ್ಲಿ ಹಿಡಿದು ನೋಡಿದೆ: ಮೈತುಂಬ ಮೂಳೆಯಂಥ ಗಟ್ಟಿ ಫಲಕಗಳು, ರೆಕ್ಕೆಯ ಅಂಚಿಗೆ ಗರಗಸದಂಥ ಮುಳ್ಳು. ಯಾವ ಹಕ್ಕಿಯೂ ಅದಕ್ಕೆ ಬಾಯಿ ಹಾಕಿರಲಿಲ್ಲ.

ಆಮೇಲೆ ಓದತೊಡಗಿದೆ. ದಕ್ಷಿಣ ಅಮೆರಿಕ ಮೂಲದ ಈ ಮೀನು ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. ಮೊಟ್ಟೆಯಿಡಲು ದಂಡೆಯ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ. ನಮ್ಮ ಸಣ್ಣಪುಟ್ಟ ಮೀನುಗಳು ಸಾಯುವ ನೀರಿನಲ್ಲೂ ಅದಕ್ಕೆ ಸಾವಿಲ್ಲ.

ಹಾಳಾದ ನೀರಿನ ನೆಲೆಗೆ ಮತ್ತೆ ಜೀವ ತುಂಬುವುದು ಹೇಗೆಂದು ಓದುತ್ತಾ ಇಂಡೋನೇಷ್ಯಾದ ಸುಲಾವೆಸಿಯ ಕತೆಗೆ ಬಂದೆ. ಅಲ್ಲಿನ ಸ್ಪೆರ್ಮೋಂಡೆ ದ್ವೀಪಗಳಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿದು ಹವಳದ ದಿಬ್ಬಗಳು ಜಲ್ಲಿಯಾಗಿದ್ದವು. ಆ ಜಲ್ಲಿಯ ಮೇಲೆ ಕಬ್ಬಿಣದ ಚೌಕಟ್ಟು ಹೂಡಿ ಹವಳದ ತುಂಡುಗಳನ್ನು ಕಟ್ಟಿದರು. ನಾಲ್ಕೇ ವರ್ಷಕ್ಕೆ ಅವು ಆರೋಗ್ಯವಂತ ದಿಬ್ಬಗಳ ವೇಗದಲ್ಲಿ ಬೆಳೆಯತೊಡಗಿದವೆಂದು 2024ರ ಅಧ್ಯಯನವೊಂದು ತೋರಿಸಿತು. ಮೀನುಗಳು ಜೀವಂತ ದಿಬ್ಬದ ಸದ್ದು ಕೇಳಿ ಬರುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸತ್ತ ಹವಳದ ನಡುವೆ ಆ ಸದ್ದನ್ನು ಸ್ಪೀಕರ್‌ನಲ್ಲಿ ಕೇಳಿಸಿದಾಗ ಎರಡು ಪಟ್ಟು ಮೀನು ಸೇರಿದವು. 2019ರಲ್ಲಿ ಪ್ರಕಟವಾದ ಪ್ರಯೋಗವಿದು.

ನನ್ನ ತಪ್ಪಿನ ತೂಕ ಗೊತ್ತಾದದ್ದು ಆಗ. ಹವಳಕ್ಕೆ ಸುತ್ತ ಸಮುದ್ರವಿದೆ. ಹವಳದ, ಮೀನಿನ ಮರಿಗಳು ದೂರದಿಂದ ತೇಲಿಬಂದು ತಮಗೆ ಒಗ್ಗುವ ಜಾಗ ಆರಿಸಿಕೊಳ್ಳುತ್ತವೆ. ನಮ್ಮ ಕೆರೆಗಳೂ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಸರಪಳಿಯಾಗಿದ್ದವು. ರಾಜಕಾಲುವೆ ಮುಚ್ಚಿ, ಮನೆ ಎದ್ದು, ಒಂದೊಂದು ಕೆರೆಯೂ ಒಂಟಿಯಾಯಿತು. ಒಳ್ಳೆಯ ಮೀನು ತಾನಾಗಿ ಬರುವ ದಾರಿಯೇ ಕಮ್ಮಿ. ತಪ್ಪು ಮೀನು ಬಂತೆಂದರೆ ಅಲ್ಲೇ ಠಿಕಾಣಿ. ಕೆರೆ ನೋಡಿಕೊಳ್ಳುವವರು ಜೊಂಡು ಬೆಳೆಸಿ, ನೀರು ಶುಚಿಯಿಟ್ಟು, ಸಣ್ಣ ಮೀನಿಗೆ ಅವಿತುಕೊಳ್ಳಲು ಎಡೆ ಮಾಡಿದ್ದರು. ಅವರನ್ನು ಒಂದು ಮಾತು ಕೇಳದೆ ನಾನು ಬಕೆಟ್ ಬಗ್ಗಿಸಿದೆ.

ಈಗ ಅವರಿಗೆ ವಿಷಯ ತಿಳಿಸಿದ್ದೇನೆ. ತೊಟ್ಟಿಯಲ್ಲಿ ಉಳಿದಿದ್ದ ಮೀನುಗಳನ್ನು ಅಂಗಡಿಗೆ ಹಿಂದಿರುಗಿಸಿದೆ. ಕೆರೆಗೆ ಬಿಟ್ಟವನ್ನು ಹಿಡಿದು ತೆಗೆಯಲು ಆಗಿಲ್ಲ.