ಅನಾಗತವಿಧಾತ

ಪಂಚತಂತ್ರದಲ್ಲಿ ಒಂದು ಕೊಳದ ಮೂರು ಮೀನುಗಳ ಕಥೆಯುಂಟು. ಬಲೆಗಾರರು ನಾಳೆ ಬರುವರೆಂದು ಕೇಳಿದೊಡನೆಯೇ ಬೇರೆ ನೀರಿಗೆ ಹೊರಟುಹೋದುದು ಅನಾಗತವಿಧಾತ. ಬಲೆಗೆ ಸಿಕ್ಕಿದ ಬಳಿಕ ಉಪಾಯ ಹೂಡಿ ಪಾರಾದುದು ಪ್ರತ್ಯುತ್ಪನ್ನಮತಿ. ಆದದ್ದಾಗಲೆಂದು ನೆಚ್ಚಿ ಕುಳಿತು ಕೆಟ್ಟುದು ಯದ್ಭವಿಷ್ಯ. ಚನ್ನಪಟ್ಟಣದ ತಾಲ್ಲೂಕಿನ ಬೈರಾಪಟ್ಟಣದಲ್ಲಿ ಎಪ್ಪತ್ತು ವರ್ಷದ ಒಬ್ಬ ರೈತರು ತಮ್ಮ ಮನೆಯವರಿಗೆ ಈ ಹೆಸರುಗಳನ್ನೇ ಹಂಚಿಬಿಟ್ಟಿದ್ದರು. ಮೊದಲನೆಯದು ತಮಗೆ, ಎರಡನೆಯದು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮಗನಿಗೆ, ಉಳಿದುದು ಹೆಂಡತಿಗೆ. ಆಕೆ ಅದಕ್ಕೆ ಮುನಿದವರಲ್ಲ. "ಮೀನಿಗೆ ಮನೆಯಿಲ್ಲ, ಒಲೆಯಿಲ್ಲ, ಅದು ಯಾವಾಗ ಬೇಕಾದರೂ ಹೊರಟೀತು" ಎಂದು ಮಾತ್ರ ಹೇಳುತ್ತಿದ್ದರು.

ರೇಷ್ಮೆ ಸಾಕುವವರಿಗೆ ಯಾತ್ರೆ ಸುಲಭವಲ್ಲ. ಚಾಕಿಯಿಂದ ಹಣ್ಣಾಗುವವರೆಗೆ ಸುಮಾರು ಇಪ್ಪತ್ತೈದು ದಿನ ಹುಳುವನ್ನು ಬಿಟ್ಟು ಕದಲುವಂತಿಲ್ಲ. ನಾಲ್ಕನೆಯ ಜ್ವರದಿಂದೆದ್ದ ಮೇಲಂತೂ ಅದರ ಹಸಿವಿಗೆ ಹಗಲು ಇರುಳೆಂಬುದಿಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಭಾಗ ಆ ಕೆಲವೇ ದಿನಗಳಲ್ಲಿ ಮುಗಿದುಹೋಗುವುದು. ಆದ್ದರಿಂದ ಯಜಮಾನರು 2020ನೆಯ ಇಸವಿಯ ಮಾರ್ಚಿಯಲ್ಲಿ ಒಂದು ಬೆಳೆಯ ಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸಿ, ಮುಂದಿನ ಬೆಳೆಗೆ ಮೊಟ್ಟೆ ತರದೆ, ಹುಳುಮನೆಯನ್ನು ತೊಳೆದು ಬೀಗ ಹಾಕಿ, ಹನ್ನೆರಡು ದಿನಗಳ ಕಾಶೀಯಾತ್ರೆಯನ್ನು ನಿಶ್ಚಯಿಸಿದರು.

ಯಾತ್ರೆಗೆ ಹೊರಡುವವನು ಮುನ್ನಾದಿನ ಉಪವಾಸವಿದ್ದು, ಗಣಪತಿಯನ್ನು ಪೂಜಿಸಿ, ಪಿತೃಗಳಿಗೆ ಶ್ರಾದ್ಧ ಮಾಡಿ, ಊರನ್ನು ಪ್ರದಕ್ಷಿಣೆ ಬಂದು, ಅನಂತರ ಹೊರಡಬೇಕೆಂದು ಧರ್ಮನಿಬಂಧಗಳು ವಿಧಿಸುತ್ತವೆ. ಒಳ್ಳೆಯ ಮುಹೂರ್ತದಲ್ಲಿ ತಾನು ಹೊರಡಲಾಗದಿದ್ದರೆ ಗಂಟನ್ನಾದರೂ ನೆರೆಮನೆಯಲ್ಲಿರಿಸಿ ಪ್ರಸ್ಥಾನ ಮಾಡುವುದೂ ಉಂಟು. ರೈಲಿಲ್ಲದ ಕಾಲದಲ್ಲಿ ಕಾಶಿಗೆ ಹೋದವನು ಹಿಂದಿರುಗುವುದು ನಿಶ್ಚಯವಿರಲಿಲ್ಲ. ಸಾಲ ತೀರಿಸಿ, ಆಸ್ತಿಯ ವ್ಯವಸ್ಥೆ ಮಾಡಿ, ಊರವರ ಕ್ಷಮೆ ಕೇಳಿ ಹೊರಡುತ್ತಿದ್ದರು. ನಮ್ಮ ಹಿರಿಯರು ಇದನ್ನೆಲ್ಲ ಪುಣ್ಯಕ್ಕಾಗಿಯೇ ಮಾಡಿದರೆನ್ನುವುದು ಪೂರ್ತಿ ನಿಜವಿರಲಾರದು. ಹಿಂದೆ ಉಳಿಯುವವರಿಗೆ ತೊಡಕಾಗಬಾರದೆಂಬ ಲೋಕಜ್ಞಾನವೂ ಅದರಲ್ಲಿ ಅಡಗಿದೆ.

ಯಜಮಾನರ ನಿಬಂಧವು ನಲವತ್ತು ಪುಟದ ಒಂದು ನೋಟ್ ಪುಸ್ತಕ. ಕಂದಾಯದ ರಸೀದಿಯಿರುವ ಪೆಟ್ಟಿಗೆ, ಬಾವಿಯ ಮೋಟಾರು ಕೆಟ್ಟರೆ ಕರೆಯಬೇಕಾದವನು, ಹಸು ಮೇವು ಬಿಟ್ಟರೆ ಮಾಡಬೇಕಾದುದು, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಎಲ್ಲವೂ ಅದರಲ್ಲಿತ್ತು. ತಾವಾಗಲಿ ಹೆಂಡತಿಯಾಗಲಿ ಕಾಶಿಯಲ್ಲಿಯೇ ತೀರಿಕೊಂಡರೆ ಅಲ್ಲಿಯೇ ಸಂಸ್ಕಾರವಾಗತಕ್ಕದ್ದೆಂದೂ ಬರೆದಿದ್ದರು. ಎಂಬತ್ತೆರಡು ವರ್ಷದ ಅವರ ಅಕ್ಕ, ಬಹುಕಾಲದಿಂದ ವಿಧವೆಯಾಗಿ ಆ ಮನೆಯಲ್ಲಿಯೇ ಇದ್ದವರು, ಮನೆ ಕಾಯಲು ಉಳಿಯುವವರಾಗಿದ್ದರು. ಅವರ ವಿಷಯದಲ್ಲಿ ಇದ್ದುದು ಕೆಮ್ಮಿನ ಔಷಧಿಯ ಹೊತ್ತು ಮಾತ್ರ. ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಪಡಸಾಲೆಯ ಮೊಳೆಗೆ ತೂಗುಹಾಕಿದರು.

ಹೆಂಡತಿಗೆ ಸಕ್ಕರೆ ಕಾಯಿಲೆ. ಹನ್ನೆರಡು ದಿನದ ಪ್ರಯಾಣಕ್ಕೆ ಯಜಮಾನರು ನಲವತ್ತು ದಿನದ ಮಾತ್ರೆ ಕೊಂಡರು. ವೈದ್ಯರ ಚೀಟಿಯ ಎರಡು ಪ್ರತಿಗಳನ್ನು ಎರಡು ಚೀಲಗಳಲ್ಲಿಟ್ಟರು. "ಎಲ್ಲವೂ ಫೋನಿನಲ್ಲಿದೆಯಲ್ಲಪ್ಪ" ಎಂದು ಮಗ ನಕ್ಕರೂ ಕೇಳದೆ, ವಿಳಾಸಗಳನ್ನು ಕಾಗದದಲ್ಲಿ ಬರೆದು ಜೇಬಿನೊಳಗೆ ಹೊಲಿಸಿದರು. ಆಕೆಯಾದರೋ ರಾಗಿ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿಗಳನ್ನು ಕಟ್ಟಿಕೊಂಡು, ಹೊರಡುವ ದಿನ ಬೆಳಿಗ್ಗೆ ನೆರೆಮನೆಗೆ ಹೋಗಿ ಬಹಳ ಹೊತ್ತು ಮಾತನಾಡಿ ಬಂದರು. "ಇನ್ನೂ ಹರಟೆಯೇ?" ಎಂದು ಯಜಮಾನರು ಗದರಿದರು. ಅಕ್ಕ ಬಾಗಿಲಿಗೆ ಬಂದು, "ನನಗೊಂದು ಗಿಂಡಿ ಗಂಗೆ ತಾರೋ ತಮ್ಮಾ" ಎಂದರು.

ಮುಂದಿನದನ್ನು ಓದುಗರು ಊಹಿಸಬಲ್ಲರು. ಹಿಂದಿರುಗುವ ಟಿಕೇಟು ಮಾರ್ಚಿ 24ಕ್ಕೆ ಇದ್ದಿತು; 22ರ ಮಧ್ಯರಾತ್ರಿಯಿಂದಲೇ ಪ್ರಯಾಣಿಕರ ರೈಲುಗಳು ನಿಂತುಹೋದವು. 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ದಕ್ಷಿಣದ ಯಾತ್ರಿಕರು ಅನೇಕರು ಹೀಗೆ ಕಾಶಿಯಲ್ಲಿ ಸಿಕ್ಕಿಕೊಂಡರು. ದಂಪತಿಗಳು ಧರ್ಮಶಾಲೆಯ ಒಂದು ಕೋಣೆಯಲ್ಲಿ ದಿನಗಳನ್ನು ಎಣಿಸಿದರು. ಪಕ್ಕದ ಕೋಣೆಯ ತೆಲುಗರ ಔಷಧಿ ಹತ್ತೇ ದಿನಗಳಲ್ಲಿ ತೀರಿ ಅವರು ಪಟ್ಟ ಪಾಡನ್ನು ನೋಡಿದಾಗ ಯಜಮಾನರಿಗೆ ತಮ್ಮ ಮುಂದಾಲೋಚನೆಯ ವಿಷಯದಲ್ಲಿ ಸ್ವಲ್ಪ ಹೆಮ್ಮೆಯಾದದ್ದು ಸಹಜ. ಆ ಹೆಮ್ಮೆ ಎರಡು ವಾರ ಬಾಳಿತು.

ಏಪ್ರಿಲಿನ ಎರಡನೆಯ ವಾರದಲ್ಲಿ ಒಂದು ಬೆಳಗಿನ ಜಾವ ನೆರೆಮನೆಯ ಸೊಸೆ ಫೋನು ಮಾಡಿದಳು. ಅಕ್ಕ ಎರಡು ದಿನ ಅನ್ನ ಬಿಟ್ಟು, ರಾತ್ರಿ ಹೊರಟುಹೋಗಿದ್ದರು. ಮಗ ಹೇಗೋ ಅಪ್ಪಣೆಯ ಪತ್ರ ಸಂಪಾದಿಸಿ ಮಧ್ಯಾಹ್ನದ ಹೊತ್ತಿಗೆ ಊರು ಸೇರಿದನು. ಪ್ರತ್ಯುತ್ಪನ್ನಮತಿಯೆಂಬ ಹೆಸರು ಅವನಿಗೆ ಸಲ್ಲತಕ್ಕದ್ದೇ. ಶವದ ಹಿಂದೆ ಇಪ್ಪತ್ತು ಜನಕ್ಕೆ ಮೀರಿ ಹೋಗಬಾರದೆಂದು ಸರ್ಕಾರದ ಕಟ್ಟಳೆ. ತಮ್ಮನು ಗಂಗೆಯ ದಡದಲ್ಲಿದ್ದನು. ಅಕ್ಕನು ಬೈರಾಪಟ್ಟಣದ ಮಣ್ಣಿಗೆ ಸೇರಿದಳು.

"ಬಾಯಿಗೆ ಗಂಗೆ ಬಿಟ್ಟೆವು, ತಾತಾ. ಎರಡು ಗುಟುಕು ಇಳಿಯಿತು" ಎಂದು ಆ ಹುಡುಗಿ ಹೇಳಿದ ಮಾತು ಯಜಮಾನರ ಕಿವಿಯಲ್ಲಿ ಉಳಿಯಿತು. ಅವರ ತಂದೆ ತಂದಿದ್ದ, ಅರಗಿನಿಂದ ಬಾಯಿ ಮುಚ್ಚಿದ ತಾಮ್ರದ ಗಿಂಡಿಯೊಂದು ದೇವರ ಗೂಡಿನ ಹಿಂಬದಿಯಲ್ಲಿದ್ದಿತು. ಪುಸ್ತಕದಲ್ಲಿ ಅದರ ಪ್ರಸ್ತಾಪವಿಲ್ಲ.

"ಅವಳಿಗೆ ಹೇಗೆ ತಿಳಿಯಿತು?" ಎಂದು ಸಂಜೆ ಹೆಂಡತಿಯನ್ನು ಕೇಳಿದರು.

"ಹೊರಡುವ ದಿನ ನಾನು ತೋರಿಸಿದ್ದೆ."

"ನನಗೇಕೆ ಹೇಳಲಿಲ್ಲ?"

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ದರೆ ನೀವು ಬರೆದುಬಿಡುತ್ತಿದ್ದಿರಿ. ಅತ್ತಿಗೆಮ್ಮನಿಗೆ ಓದು ಬರುತ್ತಿತ್ತಲ್ಲ" ಎಂದರು.

ಏಪ್ರಿಲ್ ನಡುವಿನಲ್ಲಿ ಯಾತ್ರಿಕರನ್ನು ಬಸ್ಸುಗಳಲ್ಲಿ ಕಳುಹಿಸುವ ಏರ್ಪಾಡಾಯಿತು. ಮಾತ್ರೆಗಳು ಮುಗಿಯಲು ಎರಡು ದಿನವಿರುವಾಗ ದಂಪತಿಗಳು ಊರನ್ನು ಮುಟ್ಟಿದರು. ಹದಿನಾಲ್ಕು ದಿನ ಯಾರನ್ನೂ ಸೋಕದಿರಬೇಕಾಗಿ ಬಂದುದರಿಂದ ಮನೆಯ ಹೊಸ್ತಿಲು ದಾಟದೆ, ಬರಿದಾಗಿದ್ದ ಹುಳುಮನೆಯಲ್ಲಿಯೇ ಚಾಪೆ ಹಾಸಿಕೊಂಡರು. ಅಕ್ಕ ಉಣ್ಣುತ್ತಿದ್ದ ತಟ್ಟೆ ಜಗಲಿಯ ಮೇಲೆ ಕವುಚಿಟ್ಟಿದ್ದುದು ಅಲ್ಲಿಂದ ಕಾಣುತ್ತಿದ್ದಿತು.

ಹದಿನೈದನೆಯ ದಿನ ಒಳಗೆ ಹೋಗಿ, ತಂದಿದ್ದ ಹೊಸ ಗಿಂಡಿಯನ್ನು ಹಳೆಯದರ ಸ್ಥಳದಲ್ಲಿರಿಸಿದರು. ಯಜಮಾನರು ಮೊಳೆಯಿಂದ ಪುಸ್ತಕವನ್ನು ತೆಗೆದು, ಲೇಖನಿಯನ್ನು ಬಿಚ್ಚಿ, ಹೆಂಡತಿಯ ಮುಖವನ್ನೊಮ್ಮೆ ನೋಡಿದರು. ಬಳಿಕ ಪುಸ್ತಕವನ್ನು ಮಡಿಸಿ ಪೆಟ್ಟಿಗೆಯೊಳಗಿಟ್ಟು, ಹಿತ್ತಿಲ ಬಾಗಿಲಿಗೆ ಹೋಗಿ ನೆರೆಮನೆಯ ಸೊಸೆಯನ್ನು ಕರೆದರು.