ಕಾಲು ಮೈಲಿಯ ಲೆಕ್ಕ

ನಮ್ಮ ಗ್ಯಾರೇಜಿನಲ್ಲಿ ಮಿಡಿ ಉಪ್ಪಿನಕಾಯಿ ಡಬ್ಬಗಳ ಪಕ್ಕ ಒಂದು ಕಾರಿನ ಹಿಂದಿನ ಸೀಟನ್ನು ಗೋಡೆಗೆ ಒರಗಿಸಿ ಇಟ್ಟಿದೆ. ಧೂಳು ಕೂರದಿರಲಿ ಅಂತ ಹಳೆಯ ಬೆಡ್‌ಶೀಟ್ ಹೊದಿಸಿದ್ದೇನೆ. ಕನ್ನಡ ಕೂಟದ ಗೆಳತಿಯರು ಬಂದಾಗ "ಇದೆಂತದು?" ಅಂತ ಕೇಳುತ್ತಾರೆ. "ಮಗನ ಕಾರಿನದ್ದು. ಭಾರ ಕಡಿಮೆಯಾಗಲಿ ಅಂತ ತೆಗೆದದ್ದು" ಎಂದರೆ ನನ್ನ ಮುಖವನ್ನೇ ನೋಡುತ್ತಾರೆ. ಎರಡು ವರ್ಷದ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ಹಾಗೇ ನೋಡುತ್ತಿದ್ದೆ.

ನಾವಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರ. ಇಲ್ಲಿ ಬೆಳಗಾದರೆ ಕಾರಿನದ್ದೇ ಮಾತು. ವುಡ್‌ವರ್ಡ್ ಅವೆನ್ಯೂ ಎಂಬ ದೊಡ್ಡ ರಸ್ತೆಯಲ್ಲಿ 1960ರ ದಶಕದಲ್ಲಿ ಹುಡುಗರು ಒಂದು ಸಿಗ್ನಲಿನಿಂದ ಇನ್ನೊಂದು ಸಿಗ್ನಲಿಗೆ ರೇಸ್ ಬಿಡುತ್ತಿದ್ದರಂತೆ. ಈಗ ಅದೇ ರಸ್ತೆಯಲ್ಲಿ ಪ್ರತಿ ಆಗಸ್ಟಿನಲ್ಲಿ ಹಳೆಯ ಕಾರುಗಳ ಮೆರವಣಿಗೆ, ನಮ್ಮೂರಿನ ರಥೋತ್ಸವದ ಹಾಗೆ ಜನ. ನಮ್ಮವರು ಕಾರಿನ ಬಿಡಿಭಾಗ ಮಾಡುವ ಕಡೆ ಎಂಜಿನಿಯರ್. ಮಗ ಹುಟ್ಟಿದ್ದೇ ಇಲ್ಲಿ. ಹಾಗಾಗಿ ಕಾಲೇಜಿಗೆ ಹೋಗುತ್ತ, ಸಂಜೆ ಅಂಗಡಿಯಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ 2002ರ ಫೋರ್ಡ್ ಮಸ್ಟಾಂಗ್ ಜಿಟಿ ತಂದು ನಿಲ್ಲಿಸಿದಾಗ ನನಗೆ ದೊಡ್ಡ ಆಶ್ಚರ್ಯವೇನೂ ಆಗಲಿಲ್ಲ. ಎಂಟು ಸಿಲಿಂಡರಿನ 4.6 ಲೀಟರ್ ಎಂಜಿನ್, 260 ಕುದುರೆ ಶಕ್ತಿ, ಕೈಯಲ್ಲಿ ಹಾಕುವ ಗೇರು. ಬಾಗಿಲಿನ ಕೆಳಗೆಲ್ಲ ತುಕ್ಕು. ಚಳಿಗಾಲದಲ್ಲಿ ಹಿಮ ಕರಗಲೆಂದು ಇಲ್ಲಿನ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಕಾರನ್ನು ತಿನ್ನುತ್ತದೆ.

ಮೂರು ತಿಂಗಳಾಗಿರಲಿಲ್ಲ, ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನು ಬಂತು. ರಸ್ತೆಯಲ್ಲಿ ಇನ್ನೊಬ್ಬ ಹುಡುಗನ ಜತೆ ರೇಸ್ ಬಿಟ್ಟು ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದ. ದೇವರ ದಯೆ, ಯಾರಿಗೂ ಪೆಟ್ಟಾಗಿರಲಿಲ್ಲ. ಕೋರ್ಟು, ದಂಡ, ವಿಮೆಯ ಕಂತು ಏರಿದ್ದು ಎಲ್ಲ ಆಯಿತು. ಇವರು ಹೇಳಿದ್ದು ಎರಡೇ ಶಬ್ದ: "ಕಾರು ಮಾರು." ಅವನ ಉತ್ತರ: "ನನ್ನ ದುಡ್ಡಿನ ಕಾರು." ಅಲ್ಲಿಗೆ ಅಪ್ಪ ಮಗನ ಮಾತು ನಿಂತಿತು. ಒಂದೇ ಮೇಜಿನಲ್ಲಿ ಊಟ, ಆದರೆ "ಅವನಿಗೆ ಹೇಳು", "ಅಪ್ಪನಿಗೆ ಹೇಳಮ್ಮ" ಅಂತ ನನ್ನ ಮೂಲಕ ಅಂಚೆ. ಸಾರು ಬಡಿಸುವುದಕ್ಕಿಂತ ಈ ಅಂಚೆ ಕೆಲಸವೇ ನನಗೆ ಸುಸ್ತಾಗುತ್ತಿತ್ತು.

ನಾನು ಅರೆಕಾಲಿಕ ಕೆಲಸ ಮಾಡುವ ಲೈಬ್ರರಿಯಲ್ಲಿ ನನಗಿಂತ ಹಿರಿಯ ಸಹೋದ್ಯೋಗಿ ಒಬ್ಬರಿದ್ದಾರೆ. ಅವರೇ ದಾರಿ ತೋರಿಸಿದ್ದು. "ಬೇಡ ಅಂದರೆ ಕದ್ದು ಮಾಡುತ್ತಾನೆ. ಡ್ರ್ಯಾಗ್ ಸ್ಟ್ರಿಪ್‌ಗೆ ಕಳಿಸು" ಅಂದರು. ಹುಡುಗರನ್ನು ರಸ್ತೆಯಿಂದ ಬಿಡಿಸಿ ಕಾಯಿದೆ ಕಟ್ಟಳೆಯೊಳಗೆ ತರಬೇಕೆಂದೇ 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದ್ದಂತೆ. ಎಪ್ಪತ್ತು ವರ್ಷದ ಹಿಂದೆಯೂ ಅಮ್ಮಂದಿರಿಗೆ ಇದೇ ಚಿಂತೆ ಇತ್ತು ಅಂತಾಯಿತು!

ಮಗನನ್ನು ಕೂರಿಸಿ ಷರತ್ತು ಹಾಕಿದೆ. ರಸ್ತೆಯಲ್ಲಿ ಇನ್ನೊಮ್ಮೆ ರೇಸ್ ಇಲ್ಲ. ಸ್ಟ್ರಿಪ್‌ಗೆ ನಾನೂ ಬರುತ್ತೇನೆ. ಹೆಲ್ಮೆಟ್ ಬೇಕೇ ಬೇಕು. ಪ್ರವೇಶ ಶುಲ್ಕ ಬಿಟ್ಟು ಕಾರಿನ ಮೇಲೆ ವರ್ಷಕ್ಕೆ 500 ಡಾಲರ್, ಒಂದು ಪೈಸೆಯ ಸಾಲ ಇಲ್ಲ. ಅವನ ಕಣ್ಣಿದ್ದದ್ದು ಸೂಪರ್‌ಚಾರ್ಜರ್ ಮೇಲೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ, ಸಾವಿರಾರು ಡಾಲರಿನದ್ದು. ಕ್ರೆಡಿಟ್ ಕಾರ್ಡಿನಲ್ಲಿ ತರುವ ಅಂದಾಜು ಹಾಕಿದ್ದ. "500 ಡಾಲರಲ್ಲಿ ಎಂತ ಆಗ್ತದಮ್ಮ?" ಅಂದ. "ನೋಡುವ" ಅಂದೆ.

ಆ್ಯನ್ ಆರ್ಬರ್ ಊರಿನ ದಕ್ಷಿಣಕ್ಕೆ ಮಿಲಾನ್ ಅಂತ ಊರುಂಟು. ಇಟಲಿಯ ಹೆಸರೇ, ಇಲ್ಲಿಯವರು 'ಮೈಲನ್' ಅನ್ನುತ್ತಾರೆ. ಅಲ್ಲಿನ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಅಭ್ಯಾಸದ ದಿನ ಮಾಮೂಲು ಕಾರಿನವರೂ ಓಡಿಸಬಹುದು. ಕಾಲು ಮೈಲಿಯ ನೇರ ದಾರಿ, ಅಂದರೆ 1320 ಅಡಿ, ನಮ್ಮ ಲೆಕ್ಕದಲ್ಲಿ 402 ಮೀಟರ್. ಮೊದಲು ತಪಾಸಣೆ: ಬ್ಯಾಟರಿ ಬಿಗಿಯಾಗಿ ಕಟ್ಟಿದೆಯೋ, ಎಣ್ಣೆ ನೀರು ಸೋರುತ್ತದೋ, ಚಕ್ರದ ನಟ್ಟು ಸರಿಯಿದೆಯೋ, ಎಲ್ಲ ನೋಡುತ್ತಾರೆ. ಬೇಲಿಯ ಆಚೆ ನಿಂತ ನನಗೆ ಕಿವಿಗೆ ಹತ್ತಿ, ಕೈಯಲ್ಲಿ ಮಜ್ಜಿಗೆ ಬಾಟಲಿ.

ನಾನು ಕಾರ್ಕಳದವಳು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಮಿಯ್ಯಾರಿನ ಕಂಬಳ ನೋಡಿದವಳು. ಕೋಣಗಳು ಬಿಡುವ ಮುಂಚಿನ ಆ ಬಿಗಿತ, ಬಿಟ್ಟ ಕೂಡಲೇ ಜನರ ಬೊಬ್ಬೆ. ಇಲ್ಲೂ ಅದೇ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಎಲ್ಲರಿಗೂ ನೆನಪಿರಬಹುದು. ಸೆಕೆಂಡಿನ ನೂರನೇ ಒಂದು ಭಾಗಕ್ಕಾಗಿ ಜೀವ ಬಿಡುವುದು ನಮಗೇನೂ ಹೊಸತಲ್ಲ.

ಮೊದಲ ಓಟ ಮುಗಿಸಿ ಮಗ ಸಣ್ಣ ಕಾಗದದ ಚೀಟಿ ತಂದ. 15.38 ಸೆಕೆಂಡು, ಕೊನೆಯಲ್ಲಿ ಗಂಟೆಗೆ 92 ಮೈಲಿ ವೇಗ. ಮುಖ ಬಾಡಿತ್ತು. ಪಕ್ಕದಲ್ಲಿ ಹಳೇ ಕಾರು ನಿಲ್ಲಿಸಿಕೊಂಡಿದ್ದ ಮುದುಕರೊಬ್ಬರು, ಕಾರ್ಖಾನೆಯಿಂದ ನಿವೃತ್ತರಾದವರು, ಚೀಟಿ ಈಸಿಕೊಂಡು ನೋಡಿದರು. ಅವರು ಬೆರಳಿಟ್ಟದ್ದು ಕೊನೆಯ ಅಂಕಿಯ ಮೇಲಲ್ಲ, ಮೊದಲ 60 ಅಡಿಯ ಮೇಲೆ: 2.52 ಸೆಕೆಂಡು. ಕೊನೆಯ ವೇಗ ಹೇಳುವುದು ಎಂಜಿನ್ನಿನ ಶಕ್ತಿಯನ್ನು, 60 ಅಡಿ ಹೇಳುವುದು ಓಡಿಸುವವನ ಕಾಲನ್ನು ಅಂತ ಅವರ ವಿವರಣೆ. ಅಲ್ಲಿ ಹತ್ತನೇ ಒಂದು ಸೆಕೆಂಡು ಉಳಿಸಿದರೆ ಕೊನೆ ಮುಟ್ಟುವಾಗ ಅದು ಒಂದೂವರೆ ಎರಡು ಪಟ್ಟಾಗಿ ಸಿಗುತ್ತದಂತೆ. ದುಡ್ಡು ಬೇಡ, ಕ್ಲಚ್ ಬಿಡುವುದನ್ನು ಕಲಿ ಅಂದರು.

ಮಗ ಎಂಜಿನ್ ಜೋರಾಗಿ ಕೂಗಿಸಿ ಕ್ಲಚ್ಚನ್ನು ಒಮ್ಮೆಲೇ ಬಿಡುತ್ತಿದ್ದ. ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಹೊಗೆ. ನೋಡಲಿಕ್ಕೆ ಚಂದ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ತುಂಬಿದ ಕೊಡಪಾನ ಸೊಂಟಕ್ಕೆ ಎತ್ತುವವರಿಗೆ ಇದು ಗೊತ್ತು, ಜಗ್ಗಿ ಎತ್ತಿದರೆ ಅರ್ಧ ನೀರು ನೆಲಕ್ಕೆ. ಇನ್ನೊಂದು ತಪ್ಪೆಂದರೆ, ಸಾಲಿನಲ್ಲಿ ಮುಂದೆ ಹೋಗುವವರು ನೀರು ಹಾಕಿದ ಜಾಗದಲ್ಲಿ ಚಕ್ರ ತಿರುಗಿಸುತ್ತಾರೆಂದು ಇವನೂ ಅದರಲ್ಲೇ ಹೋಗುತ್ತಿದ್ದ. ಅದು ಗೆರೆಯಿಲ್ಲದ ರೇಸ್ ಟಯರಿನವರಿಗೆ. ಮಾಮೂಲಿ ಟಯರಿನ ಗೆರೆಗಳಲ್ಲಿ ನೀರು ನಿಂತು ಗೆರೆಯವರೆಗೂ ಬಂದು ಜಾರಿಸುತ್ತದೆ. ಸುತ್ತು ಹಾಕಿ ಹೋಗಬೇಕು.

ಹಸಿರು ದೀಪಕ್ಕೆ ಗಾಬರಿ ಬೀಳುವುದೂ ಬೇಡವಾಗಿತ್ತು. ಗಡಿಯಾರ ಶುರುವಾಗುವುದು ದೀಪಕ್ಕಲ್ಲ, ಚಕ್ರ ಬೆಳಕಿನ ಗೆರೆ ದಾಟಿದಾಗ. ದೀಪ ನೋಡಿ ಹೊರಡಲು ಹಿಡಿದ ಸಮಯ ಚೀಟಿಯಲ್ಲಿ ಬೇರೆಯೇ ಇರುತ್ತದೆ. ಗೆಲ್ಲಲಿಕ್ಕೆ ಅದು ಬೇಕು, ಕಾರಿನ ಸಮಯಕ್ಕೆ ಲೆಕ್ಕವಿಲ್ಲ. ನಿಲ್ಲುವಾಗ ಎರಡನೇ ಜೋಡಿ ದೀಪ ಹೊತ್ತಿದ ಕೂಡಲೇ ನಿಲ್ಲಿಸಿದರೆ, ಗಡಿಯಾರ ಶುರುವಾಗುವ ಮುಂಚೆ ಕಾರಿಗೆ ಸ್ವಲ್ಪ ಓಡುವ ಜಾಗ ಸಿಗುತ್ತದೆ. ಪುಕ್ಕಟೆ.

ಮನೆಗೆ ಬಂದವಳೇ ನನ್ನ ದಿನಸಿ ಲೆಕ್ಕದ ಪುಸ್ತಕದ ಹಿಂದಿನ ಪುಟದಿಂದ ಶುರು ಮಾಡಿದೆ. ತಾರೀಖು, ಗಂಟೆ, ಹವೆ ಎಷ್ಟು ಬಿಸಿ, ಟಯರಿನ ಗಾಳಿ, 60 ಅಡಿ, ಒಟ್ಟು ಸಮಯ, ವೇಗ, ಆ ದಿನ ಬದಲಿಸಿದ್ದು ಏನು. ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಕಟ್ಟುನಿಟ್ಟು ಮಾಡಿದೆ. ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಹಾಕಿ ರುಚಿ ನೋಡಿದರೆ ಯಾವುದು ಹೆಚ್ಚಾಯಿತೆಂದು ಹೇಗೆ ಗೊತ್ತಾಗಬೇಕು? ಜುಲೈ ನಡುವಿಗೆ ಕ್ಲಚ್ ಹದ ಸಿಕ್ಕಿ 60 ಅಡಿ 2.19ಕ್ಕೆ ಇಳಿಯಿತು, ಒಟ್ಟು ಸಮಯ 14.71. ಅಲ್ಲಿಯ ತನಕ ಕಾರಿಗೆ ಒಂದು ಡಾಲರೂ ಖರ್ಚಾಗಿರಲಿಲ್ಲ.

ಆಮೇಲೆ ಭಾರ. ಸುಮಾರು 100 ಪೌಂಡು ಇಳಿಸಿದರೆ ಹತ್ತನೇ ಒಂದು ಸೆಕೆಂಡು ಅಂತ ಇವರ ಲೆಕ್ಕಾಚಾರ. ಸ್ಟೆಪ್ನಿ, ಜಾಕಿ, ಹಿಂದಿನ ಸೀಟು ಹೊರಗೆ. ಡಿಕ್ಕಿ ತೆಗೆದರೆ ಏನಿಲ್ಲ ಏನುಂಟು! ಎರಡು ವರ್ಷದ ಪಠ್ಯಪುಸ್ತಕ, ಕಳೆದುಹೋಗಿದೆ ಅಂತ ನಾನು ಬೈದಿದ್ದ ಸ್ವೆಟರ್, ಒಂದು ಡಂಬೆಲ್. ಪೆಟ್ರೋಲ್ ಗ್ಯಾಲನ್ನಿಗೆ ಆರು ಪೌಂಡು ತೂಗುತ್ತದೆ, ಅದಕ್ಕೆ ಕಾಲು ಟ್ಯಾಂಕ್ ಸಾಕು. ಸ್ಟೆಪ್ನಿ, ಜಾಕಿ ಹೇರಿಕೊಂಡು ನನ್ನ ಹಳೇ ಕ್ಯಾಮ್ರಿ ಹಿಂದೆ ಹಿಂದೆ ಹೋಗುತ್ತಿತ್ತು. ಸೀಟು ಬೆಲ್ಟು, ಏರ್‌ಬ್ಯಾಗ್ ಮುಟ್ಟಲು ನಾನು ಬಿಡಲಿಲ್ಲ. ಸಮಯ 14.58.

ದುಡ್ಡು ದಂಡವಾದದ್ದೂ ಉಂಟು. 90 ಡಾಲರ್ ಕೊಟ್ಟು ಗಾಳಿ ಎಳೆಯುವ ಹೊಳೆಯುವ ಕೊಳವೆ ತಂದ. ಸದ್ದು ಹೆಚ್ಚಾಯಿತು, ಸಮಯ ಅಲ್ಲಾಡಲಿಲ್ಲ. ಅದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತಿತ್ತು. ಎಂಜಿನ್ನಿಗೆ ಬೇಕಾದದ್ದು ತಣ್ಣನೆಯ ದಟ್ಟ ಗಾಳಿ. ಅದಕ್ಕಿಂತ ನನ್ನ ಮಜ್ಜಿಗೆ ಡಬ್ಬಿಯ ಐಸೇ ವಾಸಿ: ಒಂದು ಓಟ ಮುಗಿದ ಮೇಲೆ ಬಾನೆಟ್ ತೆರೆದಿಟ್ಟು, ಚೀಲದಲ್ಲಿ ಐಸ್ ಕಟ್ಟಿ ಎಂಜಿನ್ನಿನ ಗಾಳಿ ಹೋಗುವ ಭಾಗದ ಮೇಲೆ ಇಡುತ್ತಿದ್ದ, ಹೊರಡುವ ಮುಂಚೆ ತೆಗೆದು ಒರೆಸುತ್ತಿದ್ದ. ದಾರಿಯ ಮೇಲೆ ಒಂದು ಹನಿ ನೀರು ಬಿದ್ದರೂ ಹಿಂದೆ ಬರುವವನಿಗೆ ಅಪಾಯ.

ಪುಸ್ತಕ ಅಡುಗೆಮನೆಯ ಕಟ್ಟೆಯ ಮೇಲೆ ಗ್ರೈಂಡರ್ ಪಕ್ಕದಲ್ಲೇ ಇರುತ್ತಿತ್ತು. ಜುಲೈ ಕೊನೆಯ ಒಂದು ಬೆಳಿಗ್ಗೆ ತೆರೆದರೆ ಟಯರ್ ಗಾಳಿಯ ಕಾಲಮ್ಮಿನ ಪಕ್ಕ ಪೆನ್ಸಿಲಿನಲ್ಲಿ ಇಂಗ್ಲಿಷಿನ ಒಂದು ಸಾಲು. ಇವರ ಅಕ್ಷರ. ಗಾಳಿ ನೋಡಿದ್ದು ಟಯರ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಅಷ್ಟೇ.

ನಾನು ಏನೂ ಹೇಳದೆ ಪುಸ್ತಕವನ್ನು ಮಗನ ದೋಸೆ ತಟ್ಟೆಯ ಪಕ್ಕ ಇಟ್ಟೆ. ಅವ ಓದಿದ. ಬಹಳ ಹೊತ್ತು ನೋಡಿದ. ಕೆಳಗೆ "ಗೊತ್ತಿಲ್ಲ" ಅಂತ ಬರೆದು ಎದ್ದು ಹೋದ. ಮರುದಿನ ಪುಸ್ತಕದ ಮೇಲೆ ಟಯರ್ ಗಾಳಿ ಅಳೆಯುವ ಒಳ್ಳೆಯ ಗೇಜು ಒಂದು ಕೂತಿತ್ತು, ಇವರ ಟೂಲ್‌ಬಾಕ್ಸಿನದ್ದು. ಯಾರೂ ಇಟ್ಟೆ ಅನ್ನಲಿಲ್ಲ, ಯಾರೂ ತಗೊಂಡೆ ಅನ್ನಲಿಲ್ಲ.

ವಿಷಯ ಏನೆಂದರೆ, ಹೆದ್ದಾರಿಯಲ್ಲಿ ಓಡಿ ಬಂದ ಟಯರು ಬಿಸಿಯಾಗಿ ಗಾಳಿಯ ಒತ್ತಡ ಏರಿರುತ್ತದೆ. ಮಗ ಒಮ್ಮೆ ಬಂದ ಕೂಡಲೇ ನೋಡುತ್ತಿದ್ದ, ಒಮ್ಮೆ ಒಂದು ಗಂಟೆ ಬಿಟ್ಟು. ನನ್ನ ಚಂದದ ಕಾಲಮ್ಮಿನ ಅಂಕಿಗಳಿಗೆ ಅರ್ಥವೇ ಇರಲಿಲ್ಲ! ಆಮೇಲೆ ಪ್ರತಿ ಸಲ ಒಂದೇ ಹೊತ್ತಿಗೆ ನೋಡಿ, ಹಿಂದಿನ ಚಕ್ರದ ಗಾಳಿಯನ್ನು 32ರಿಂದ 26ಕ್ಕೆ ಇಳಿಸಿ, ಮುಂದಿನದ್ದಕ್ಕೆ ಸ್ವಲ್ಪ ಏರಿಸಿದ. ಹಿಂದಿನ ಟಯರು ನೆಲಕ್ಕೆ ಅಗಲವಾಗಿ ಅಂಟುತ್ತದೆ, ಮುಂದಿನದ್ದು ಹಗುರಾಗಿ ಉರುಳುತ್ತದೆ. 14.46. ಮನೆಗೆ ಹೊರಡುವ ಮುಂಚೆ ಮತ್ತೆ ತುಂಬಿಸುವುದು ನನ್ನ ಜವಾಬ್ದಾರಿ. ಕಡಿಮೆ ಗಾಳಿಯಲ್ಲಿ ಹೆದ್ದಾರಿಗೆ ಹೋಗಬಾರದು.

ಪೆನ್ಸಿಲ್ ಸಾಲುಗಳು ಬರುತ್ತಲೇ ಇದ್ದವು. ಮಗನ ಉತ್ತರಗಳೂ ಉದ್ದವಾದವು. ಎಂಟು ಸ್ಪಾರ್ಕ್ ಪ್ಲಗ್ ಬದಲಿಸಲು ಇಬ್ಬರೂ ಗ್ಯಾರೇಜಿನಲ್ಲಿ ಒಂದು ಭಾನುವಾರ ನಿಂತರು, ಮಾತು ಮಾತ್ರ "ಆ ಸ್ಪ್ಯಾನರ್ ಕೊಡು" ಅನ್ನುವಷ್ಟೇ. ನನ್ನ ಅಂಚೆ ಕೆಲಸ ಅರ್ಧ ಕಮ್ಮಿಯಾಯಿತು. ಸೆಪ್ಟೆಂಬರಿನಲ್ಲಿ ಆ ಮುದುಕರ ಮೂಲಕ ಡ್ರ್ಯಾಗ್ ರೇಡಿಯಲ್ ಎನ್ನುವ ಮೆತ್ತನೆಯ ರಬ್ಬರಿನ ಟಯರು ಒಂದು ಜೊತೆ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು. ಹಾಕಿಸುವ ಕೂಲಿ ಸೇರಿ 180 ಡಾಲರ್. 60 ಅಡಿ 1.98, ಒಟ್ಟು 14.24. ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸಿಕ್ಕಿದ್ದು ಇದರಲ್ಲೇ. ಹೆಲ್ಮೆಟ್ಟಿಗೆ 200, ಪ್ಲಗ್ಗಿಗೆ 45, ಆ ದಂಡದ ಕೊಳವೆ 90. ಬಜೆಟ್ಟಿಗಿಂತ 15 ಡಾಲರ್ ಮೇಲಾಯಿತು, ನಾನು ಕಣ್ಣು ಮುಚ್ಚಿಕೊಂಡೆ. ನಿಯಮದ ಪ್ರಕಾರ 13.99 ಅಥವಾ ಅದಕ್ಕಿಂತ ಬೇಗ ಓಡಿದರೆ ಮಾತ್ರ ಹೆಲ್ಮೆಟ್ ಕಡ್ಡಾಯ. ನನ್ನ ನಿಯಮ ಬೇರೆ.

ಅಕ್ಟೋಬರಿನ ಕೊನೆಯ ಸಲ ನಾವು ಹೊರಡುವಾಗ ಇವರು ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಥಂಡಿ ಗಾಳಿ ಎಂಜಿನ್ನಿಗೆ ಒಳ್ಳೇದು, ಟಯರಿಗೆ ಅಲ್ಲ. ಸ್ವಲ್ಪ ಹೆಚ್ಚು ಬಿಸಿ ಮಾಡ್ಬೇಕಾದೀತು" ಅಂದರು, ನನ್ನ ಕಡೆ ನೋಡಿ. "ಅಪ್ಪ, ಎಷ್ಟು ಹೊತ್ತು?" ಅಂತ ಮಗ ನೇರ ಅವರನ್ನೇ ಕೇಳಿದ. ನಾನು ಏನೋ ಮರೆತವಳಂತೆ ಒಳಗೆ ಹೋಗಿ ಫ್ಲಾಸ್ಕ್ ಹುಡುಕಿದೆ, ಅದು ನನ್ನ ಕೈಯಲ್ಲೇ ಇತ್ತು.

ಅವತ್ತಿನ ಮೂರನೇ ಓಟ 14.04. "ಐದೇ ಐದು!" ಅಂತ ಮಗ ತಲೆಗೆ ಕೈ ಹೊತ್ತುಕೊಂಡ. 13ರೊಳಗೆ ಹೋಗಲು ನೂರನೇ ಐದು ಭಾಗ ಬಾಕಿ. ಇವರು ಚೀಟಿಯನ್ನು ಕನ್ನಡಕದ ಕೆಳಗಿನಿಂದ ನೋಡಿ, ಎರಡರಿಂದ ಮೂರನೇ ಗೇರಿಗೆ ಹಾಕುವಾಗ ತಡ ಮಾಡ್ತಿದ್ದೀಯ ಅಂದರು. ಇಲ್ಲ ಅಂತ ಅವ. ಹೌದು ಅಂತ ಇವರು. ಟಯರಿಗೆ ಗಾಳಿ ತುಂಬಿಸುತ್ತಲೂ ಅದೇ ವಾದ.

ಹೊರಡುವಾಗ ಇವರು ಮಸ್ಟಾಂಗಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ಹಿಂದೆ ಕೂರೋಣವೆಂದರೆ ಸೀಟು ಗ್ಯಾರೇಜಿನಲ್ಲಿ. ಸ್ಟೆಪ್ನಿ, ಜಾಕಿ, ಖಾಲಿ ಬುತ್ತಿ ಡಬ್ಬಿಗಳ ಜತೆ ನಾನೊಬ್ಬಳೇ ಕ್ಯಾಮ್ರಿಯಲ್ಲಿ, ಹೆದ್ದಾರಿ ಉದ್ದಕ್ಕೂ ಅವರ ಹಿಂದೆ. ಎದುರಿನಿಂದ ಬರುವ ಕಾರುಗಳ ಬೆಳಕು ಬಿದ್ದಾಗ ಹಿಂದಿನ ಗಾಜಿನಲ್ಲಿ ಎರಡು ತಲೆ ಕಾಣುತ್ತಿತ್ತು. ಇವರ ಕೈ ಗಾಳಿಯಲ್ಲಿ ಗೇರು ಹಾಕಿ ತೋರಿಸುತ್ತಿತ್ತು, ಎರಡರಿಂದ ಮೂರಕ್ಕೆ, ಎರಡರಿಂದ ಮೂರಕ್ಕೆ.