ಪಂಕ್ತಿಯಲ್ಲಿ ಕೇಳಬೇಕಾದ ಕ್ಷಮೆ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವವು ಸಮಾಪ್ತಿಗೊಂಡು, ಹುಣ್ಣಿಮೆ ಕಳೆದ ಮರುದಿನ ಕ್ಷಮಾವಣಿ ಬರುತ್ತದೆ. ಉತ್ತಮ ಕ್ಷಮೆಯಿಂದ ಮೊದಲ್ಗೊಂಡು ಉತ್ತಮ ಬ್ರಹ್ಮಚರ್ಯದವರೆಗೆ ದಿನಕ್ಕೊಂದು ಧರ್ಮದ ವಿವರಣೆಯನ್ನು ಬಸದಿಯಲ್ಲಿ ಕೇಳಿದ ಶ್ರಾವಕ ಶ್ರಾವಿಕೆಯರು ಅಂದು ಪರಸ್ಪರ ಕೈಮುಗಿದು ಕ್ಷಮೆಯನ್ನು ಬೇಡುತ್ತಾರೆ. ಬಹುಪಾಲು ಶ್ವೇತಾಂಬರ ಬಂಧುಗಳು ಇದಕ್ಕೆ ಹನ್ನೆರಡು ದಿನ ಮೊದಲೇ, ಚೌತಿಯಂದು, ಸಂವತ್ಸರಿಯನ್ನು ಆಚರಿಸಿ ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತಾರೆ. ಮಾಡಿದ ದುಷ್ಕೃತವು ಮಿಥ್ಯೆಯಾಗಲಿ ಎಂಬುದು ಆ ಪ್ರಾಕೃತ ನುಡಿಯ ಅರ್ಥ. ಬೇರೆ ಸಮಾಜಗಳಲ್ಲಿ ಹಬ್ಬದ ದಿನ ಶುಭಾಶಯ ಹೇಳುವ ರೂಢಿಯಿದೆ. ಜೈನರ ಈ ಹಬ್ಬದ ಶುಭಾಶಯವೇ ಕ್ಷಮಾಯಾಚನೆ. ಈ ವಿಶೇಷವನ್ನು ವೇದಿಕೆಗಳ ಮೇಲೆ ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಅದು ತಪ್ಪಲ್ಲ. ಆದರೆ ಅಭಿಮಾನಪಡುವವರು ಆ ದಿನ ಯಾರಲ್ಲಿ ಕ್ಷಮೆ ಬೇಡಿದರು, ಯಾವುದಕ್ಕಾಗಿ ಬೇಡಿದರು ಎಂದು ಕೇಳಿದರೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ.

ಹಾಸನ ಜಿಲ್ಲೆಯ ಒಂದು ಊರಿನಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ಊರಿನವರೆಲ್ಲರಿಗೂ ಅವರು ಮೇಷ್ಟ್ರು. ಬಸದಿಯ ಟ್ರಸ್ಟಿಗೆ ಹಲವು ವರ್ಷ ಕಾರ್ಯದರ್ಶಿಯಾಗಿದ್ದವರು. ಲೆಕ್ಕಪತ್ರದಲ್ಲಿ ಒಂದು ರೂಪಾಯಿ ಅತ್ತಿತ್ತ ಆಗಗೊಡದವರು. ಪ್ರತಿ ವರ್ಷವೂ ಕ್ಷಮಾವಣಿಗೆ ಅವರು ಇನ್ನೂರು ಕಾರ್ಡುಗಳನ್ನು ಅಚ್ಚು ಹಾಕಿಸುತ್ತಿದ್ದರು. ಕಳೆದ ವರ್ಷದಲ್ಲಿ ತಿಳಿದೋ ತಿಳಿಯದೆಯೋ, ಮನ ವಚನ ಕಾಯಗಳಿಂದ ಆಗಿರಬಹುದಾದ ತಪ್ಪುಗಳನ್ನು ಮನ್ನಿಸಬೇಕೆಂಬ ಒಕ್ಕಣೆ. ಕೆಳಗೆ ಕುಟುಂಬದ ಹೆಸರು. ವಿಳಾಸಗಳ ಪಟ್ಟಿಯನ್ನು ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರು. ಹೊರ ಊರಿನವರಿಗೆ ಅಂಚೆಯಲ್ಲಿ, ಊರೊಳಗಿನವರಿಗೆ ಹುಡುಗನ ಕೈಯಲ್ಲಿ ಕಾರ್ಡು ತಲುಪುತ್ತಿತ್ತು. ಆ ಪಟ್ಟಿಯಲ್ಲಿ ಬಸದಿಯ ಹಿಂದಿನ ಬೀದಿಯ ಒಬ್ಬ ವಿಧವೆಯ ಹೆಸರೂ ಇದ್ದಿತು.

ಆಕೆ ಮೊದಲು ಬಸದಿಯ ಸಾಮೂಹಿಕ ಭೋಜನಗಳಿಗೆ ಅಡುಗೆ ಮಾಡುತ್ತಿದ್ದವರು. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಮೂಲಂಗಿಗಳು ಒಳಗೆ ಬರಬಾರದೆಂಬುದು ಎಲ್ಲ ಜೈನ ಅಡುಗೆಮನೆಗಳ ನಿಯಮವೇ. ಆಕೆಯ ಶಿಸ್ತು ಅದಕ್ಕಿಂತ ಮುಂದಿನದು. ಬಾವಿಯ ನೀರನ್ನು ದಪ್ಪ ಬಟ್ಟೆಯನ್ನು ಮಡಿಸಿ ಸೋಸಿ, ಬಟ್ಟೆಯಲ್ಲುಳಿದ ಸೂಕ್ಷ್ಮಜೀವಿಗಳು ಸಾಯದಂತೆ ಅದನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದರು. ಸೋಸಿದ ನೀರಿಗೆ ನಲವತ್ತೆಂಟು ನಿಮಿಷದ ಅವಧಿ ಮಾತ್ರ. ಅದು ಮೀರಿದರೆ ಮತ್ತೆ ಸೋಸಬೇಕು. ಮುನ್ನೂರು ಜನರ ಅಡುಗೆಯ ಗಡಿಬಿಡಿಯಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದನ್ನು ಒಲೆಯ ಮುಂದೆ ನಿಂತವರು ಬಲ್ಲರು. ಹಸಿ ಮೊಸರಿಗೆ ಬೇಳೆ ಬೆರೆತರೆ ದ್ವಿದಳ ದೋಷವೆಂದು ಮೊಸರಿನ ಪಾತ್ರೆಯನ್ನು ತೊವ್ವೆಯ ಹತ್ತಿರಕ್ಕೂ ತರಲು ಬಿಡುತ್ತಿರಲಿಲ್ಲ. ಚತುರ್ದಶಿಯ ಉಪವಾಸ ಮುಗಿಸಿ ಪಾರಣೆಗೆ ಬಂದವರಿಗೆ ಮೊದಲು ಏನನ್ನು ಬಡಿಸಬೇಕು, ವೃದ್ಧರಿಗೆ ಎಷ್ಟು ಮೆತ್ತಗೆ ಬೇಯಿಸಬೇಕು ಎಂಬುದು ಯಾರೂ ಹೇಳದೆಯೇ ಆಕೆಗೆ ತಿಳಿದಿತ್ತು. ಸೂರ್ಯಾಸ್ತಕ್ಕೆ ಬಹಳ ಮುಂಚೆಯೇ ಪಾತ್ರೆಗಳೂ ತೊಳೆದು ಬೋರಲಾಗಿರುತ್ತಿದ್ದವು.

2011ರ ಕ್ಷಮಾವಣಿಯ ಭೋಜನಕ್ಕೆ ದಾನಿಗಳೊಬ್ಬರು 15 ಕಿಲೋ ತುಪ್ಪದ ಎರಡು ಡಬ್ಬಗಳನ್ನು ಕಳುಹಿಸಿದ್ದರು. ಅಡುಗೆಮನೆಯಲ್ಲಿ ಒಂದೇ ಇದ್ದಿತು. ಕೊನೆಯ ಪಂಕ್ತಿಗೆ ತುಪ್ಪ ಸಾಲದೆ ಬಂದಾಗ ದಾನಿಗಳು ಎಲೆಯ ಮುಂದೆ ಕುಳಿತೇ ವಿಚಾರಿಸಿದರು. ಮೇಷ್ಟ್ರಿಗೆ ಅವಮಾನವೆನಿಸಿತು. ಕೈಯಲ್ಲಿ ದಾನಿಗಳ ಹೆಸರು ಓದುವ ಮೈಕು ಇದ್ದಿತು. “ದಾನದ ವಸ್ತು ಅಡುಗೆಮನೆ ಸೇರುವಷ್ಟರಲ್ಲಿ ಕರಗಿಹೋಗುತ್ತದೆ ಎಂದರೆ, ಅದು ಯಾರ ಕೈಕೆಲಸ ಎಂದು ನಾನು ಹೇಳಬೇಕಾಗಿಲ್ಲ” ಎಂದುಬಿಟ್ಟರು. ಹೆಸರನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆಕೆ ಸೌಟನ್ನು ಕೆಳಗಿಟ್ಟು, ಕೈ ತೊಳೆದುಕೊಂಡು, ಊಟ ಮಾಡದೆ ಮನೆಗೆ ನಡೆದರು. ಅಂದು ಬೆಳಿಗ್ಗೆ ಅದೇ ಸಭೆಯಲ್ಲಿ ಎಲ್ಲರೂ ಎಲ್ಲರಿಂದಲೂ ಕ್ಷಮೆ ಬೇಡಿದ್ದರು.

ದೀಪಾವಳಿ ಬರಲು ಇನ್ನೂ ಒಂದೂವರೆ ತಿಂಗಳಿತ್ತು. ಜೈನರಿಗೆ ದೀಪಾವಳಿಯು ಪಾವಾಪುರಿಯಲ್ಲಿ ಭಗವಾನ್ ಮಹಾವೀರರು ನಿರ್ವಾಣ ಹೊಂದಿದ ದಿನ. ಆ ನಿರ್ವಾಣದ ನೆನಪಿಗೆ ಜನರು ದೀಪಗಳನ್ನು ಬೆಳಗುವ ವಿಚಾರ ಕ್ರಿ.ಶ. 783ರಲ್ಲಿ ಮುಗಿದ ಜಿನಸೇನಾಚಾರ್ಯರ ಹರಿವಂಶಪುರಾಣದಲ್ಲಿ ಬರುತ್ತದೆ. ಆ ಆಚಾರ್ಯರು ನಮ್ಮ ನಾಡಿನ ಪುನ್ನಾಟದ ಹೆಸರನ್ನು ಹೊತ್ತ ಸಂಘಕ್ಕೆ ಸೇರಿದವರು. ಆ ವರ್ಷ ಮುಂಜಾವಿನ ನಿರ್ವಾಣ ಪೂಜೆಗೆ ಲಾಡು ಮಾಡಿಸಲೆಂದು ಮೇಷ್ಟ್ರು ಪಾತ್ರೆ ಹುಡುಕುತ್ತಾ, ಪಲ್ಲಕ್ಕಿ ಮತ್ತು ಛತ್ರಗಳನ್ನಿಡುವ ಕೊಠಡಿಯ ಬಾಗಿಲು ತೆರೆದರು. ತುಪ್ಪದ ಡಬ್ಬ ಅಲ್ಲಿತ್ತು, ಮುಚ್ಚಳವನ್ನೂ ತೆರೆಯದೆ. ತಂದವನು ಅಡುಗೆಮನೆ ಬೀಗ ಹಾಕಿದ್ದರಿಂದ ಅಲ್ಲಿ ಇಳಿಸಿ ಹೋಗಿದ್ದ. ಮೇಷ್ಟ್ರು ಲೆಕ್ಕದ ಪುಸ್ತಕದಲ್ಲಿ ‘ತುಪ್ಪ 1 ಡಬ್ಬ, ಜಮಾ’ ಎಂದು ಬರೆದು ದಿನಾಂಕ ಹಾಕಿದರು. ಲೆಕ್ಕ ಸರಿಹೋಯಿತು. ಆ ತುಪ್ಪದ ಲಾಡು ಮನೆಮನೆಗೂ ಹಂಚಿಕೆಯಾಯಿತು, ಹಿಂದಿನ ಬೀದಿಗೂ ಹೋಯಿತು. ಯಾರಿಗೂ ಏನನ್ನೂ ಹೇಳಲಿಲ್ಲ.

ಅವರನ್ನು ಕೆಟ್ಟವರೆನ್ನಲಾಗದು. ಇಂದು ಹೇಳೋಣ, ನಾಳೆ ಹೇಳೋಣ ಎಂದುಕೊಂಡವರು ಎಲ್ಲ ಸಜ್ಜನರಂತೆ ದಿನ ತಳ್ಳಿದರು. ಇತ್ತ ಆಕೆಗೆ ವ್ರತದ ಉದ್ಯಾಪನೆ, ನಾಮಕರಣಗಳ ಅಡುಗೆಗೆ ಬರುತ್ತಿದ್ದ ಕರೆಗಳು ನಿಂತವು. ಹಪ್ಪಳ ಮಾಡಿ ಅಂಗಡಿಗೆ ಕೊಟ್ಟು ಸಂಸಾರ ನಡೆಸಿದರು. ಬಸದಿಯ ದರ್ಶನವನ್ನು ತಪ್ಪಿಸಲಿಲ್ಲ. ಪಂಕ್ತಿಯಲ್ಲಿ ಮಾತ್ರ ಕುಳಿತುಕೊಳ್ಳಲಿಲ್ಲ. ವರ್ಷಕ್ಕೊಮ್ಮೆ ಮೇಷ್ಟ್ರ ಮನೆಯಿಂದ ಅಚ್ಚಾದ ಕಾರ್ಡು ಬರುತ್ತಿತ್ತು: ತಿಳಿದೋ ತಿಳಿಯದೆಯೋ.

ಒಮ್ಮೆ ಪರ್ವಕ್ಕೆ ಪ್ರವಚನ ನೀಡಲು ಬಂದಿದ್ದ ಪಂಡಿತರನ್ನು ಮೇಷ್ಟ್ರು ಏಕಾಂತದಲ್ಲಿ ಕೇಳಿದರು: ಯಾರಾದರೊಬ್ಬ ಶ್ರಾವಕನು ನಿರಪರಾಧಿಯ ಮೇಲೆ ಸಂಶಯದ ಮಾತಾಡಿದ್ದರೆ ಅವನಿಗೇನು ಪ್ರಾಯಶ್ಚಿತ್ತ? ಪಂಡಿತರು ಉಪವಾಸವನ್ನೂ ಜಪವನ್ನೂ ಹೇಳಿದರು. ಬಳಿಕ, ಕೇಳಿದವರ ಮುಖವನ್ನು ನೋಡಿದರೋ ಏನೋ, ಭಗವತೀ ಆರಾಧನೆಯ ವಿಷಯವನ್ನೆತ್ತಿದರು. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಹಿನ್ನೆಲೆಯಾದ ಆ ಪ್ರಾಕೃತ ಗ್ರಂಥದಲ್ಲಿ ಆಲೋಚನೆಗೆ, ಎಂದರೆ ಗುರುವಿನ ಮುಂದೆ ದೋಷವನ್ನು ಒಪ್ಪಿಕೊಳ್ಳುವ ಕ್ರಿಯೆಗೆ, ಹತ್ತು ದೋಷಗಳನ್ನು ಹೇಳಿದೆ. ತಪ್ಪು ಒಪ್ಪಿಕೊಳ್ಳುವುದರಲ್ಲಿಯೂ ತಪ್ಪು ಮಾಡಬಹುದೆಂಬುದನ್ನು ನಮ್ಮ ಪೂರ್ವಾಚಾರ್ಯರು ಅಷ್ಟು ಚೆನ್ನಾಗಿ ಬಲ್ಲವರಾಗಿದ್ದರು. ತನ್ನ ದೋಷವನ್ನು ಮರೆಮಾಡಿ, ಬೇರೆ ಯಾರೋ ಮಾಡಿದರೆಂಬಂತೆ ಪ್ರಾಯಶ್ಚಿತ್ತವನ್ನು ವಿಚಾರಿಸುವುದು ‘ಛನ್ನ’. ಸಣ್ಣ ತಪ್ಪುಗಳನ್ನು ಮಾತ್ರ ಹೇಳಿ ದೊಡ್ಡದನ್ನು ಅಡಗಿಸುವುದು ‘ಸೂಕ್ಷ್ಮ’. ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಪ್ರತಿಕ್ರಮಣದ ಹೊತ್ತಿನಲ್ಲಿ ಅನೇಕರು ಒಟ್ಟಿಗೆ ನುಡಿಯುವ ಗದ್ದಲದ ನಡುವೆ, ಗುರುವಿಗೆ ಸ್ಪಷ್ಟವಾಗಿ ಕೇಳಿಸದಂತೆ ತನ್ನ ದೋಷವನ್ನು ಹೇಳಿ ಮುಗಿಸುವುದು ‘ಶಬ್ದಾಕುಲಿತ’. ಇವು ಮುನಿಗಳಿಗಾಗಿ ಹೇಳಿದವು. ಆದರೆ ಒಂದೇ ಒಕ್ಕಣೆಯನ್ನು ಇನ್ನೂರು ಮನೆಗೆ ಕಳುಹಿಸುವ ಶ್ರಾವಕನಿಗೆ ಇದಕ್ಕಿಂತ ತಕ್ಕ ಹೆಸರನ್ನು ಹುಡುಕುವುದು ಕಷ್ಟ. ಈಗ ಕಾರ್ಡಿಗೆ ಬದಲು ಮೊಬೈಲಿನಲ್ಲಿ ಬಂದ ಸಂದೇಶವನ್ನು ಹಾಗೆಯೇ ಎಲ್ಲರಿಗೂ ದಾಟಿಸುವ ಅಭ್ಯಾಸ ಬಂದಿದೆ; ಬೇರೊಬ್ಬರು ಬರೆದ ಕ್ಷಮೆಯನ್ನು ಓದದೆಯೇ ಬೇಡಲು ಸಾಧ್ಯವಾಗಿದೆ.

2020ರ ಚೌತಿಯಂದು ಮೇಷ್ಟ್ರ ಮನೆಯ ಗೇಟಿನ ಬಳಿ ಪೇಟೆಯ ಶ್ವೇತಾಂಬರ ಬಟ್ಟೆ ವ್ಯಾಪಾರಿಯೊಬ್ಬರು ಬಂದು ನಿಂತರು. ಕೊರೋನಾ ಕಾಲ, ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು. “ಮೇಷ್ಟ್ರೇ, ಹೋದ ವರ್ಷ ನಿಮ್ಮ ಮೊಮ್ಮಗಳ ಬಟ್ಟೆಯ ಬಿಲ್ಲಿನಲ್ಲಿ 180 ರೂಪಾಯಿ ಹೆಚ್ಚು ಹಾಕಿಬಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ಗೊತ್ತಾಗಿಯೂ ಸುಮ್ಮನಿದ್ದೆ. ಮಿಚ್ಛಾಮಿ ದುಕ್ಕಡಂ” ಎಂದು ಹಣವನ್ನು ಗೇಟಿನ ಕಂಬದ ಮೇಲಿಟ್ಟು ಹೋದರು.

ಆ ವರ್ಷ ಕಾರ್ಡು ಅಚ್ಚಾಗಲಿಲ್ಲ. ಮೊಬೈಲು ಇಲ್ಲದ ನಲವತ್ತು ಮನೆಗಳಿಗೆ ಮಾತ್ರ ಮೇಷ್ಟ್ರು ಕೈಯಲ್ಲಿಯೇ ಬರೆಯಲು ಕುಳಿತರು. ಅಕ್ಷರ ದುಂಡಗೆ ಬಂದವು. ಹಿಂದಿನ ಬೀದಿಯ ಹೆಸರು ಬಂದಾಗ ‘ತಿಳಿದೋ ತಿಳಿಯದೆಯೋ’ ಎಂಬಲ್ಲಿ ಕೈ ನಿಂತಿತು. ಅಚ್ಚಿನ ಯಂತ್ರಕ್ಕೆ ಆ ಕಷ್ಟವಿರಲಿಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಕಷಾಯಗಳ ವಾಸನೆ ಎಷ್ಟು ಕಾಲ ನಿಲ್ಲುತ್ತದೆಂಬ ಲೆಕ್ಕವಿದೆ: ಸಂಜ್ವಲನದ್ದು ಒಂದು ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು, ಅದನ್ನೂ ಮೀರಿದ್ದು ಅನಂತಾನುಬಂಧಿ. ಸ್ವಾಧ್ಯಾಯದಲ್ಲಿ ಈ ಭಾಗವನ್ನು ಮೇಷ್ಟ್ರೇ ಎಷ್ಟೋ ಬಾರಿ ಇತರರಿಗೆ ಓದಿ ಹೇಳಿದ್ದರು. ಒಂಬತ್ತು ವರ್ಷವಾಗಿತ್ತು.

ಕಾರ್ಡನ್ನು ಅಲ್ಲಿಯೇ ಬಿಟ್ಟು ಎದ್ದು ಹೋದರು. ಆಕೆ ಜಗುಲಿಯ ಮೇಲೆ ಹಪ್ಪಳ ಒಣಗಿಸುತ್ತಿದ್ದರು. “ಬನ್ನಿ ಮೇಷ್ಟ್ರೇ” ಎಂದು ಚಾಪೆ ಹಾಸಿದರು. ಮೇಷ್ಟ್ರು ಡಬ್ಬ ಸಿಕ್ಕಿದ ಕೊಠಡಿ, ದಿನ, ಲೆಕ್ಕದ ಪುಸ್ತಕದ ಸಾಲು, ಎಲ್ಲವನ್ನೂ ಹೇಳಿದರು. “ತಪ್ಪಾಯಿತು ತಾಯಿ, ಮನ್ನಿಸಬೇಕು.” ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ನೀವು ಅಂದ ಮಾತನ್ನು ಪಂಕ್ತಿಯಲ್ಲಿ ಕುಳಿತವರೆಲ್ಲಾ ಕೇಳಿಸಿಕೊಂಡರು. ಇವತ್ತು ಹೇಳಿದ್ದನ್ನು ಕೇಳಿದವಳು ನಾನೊಬ್ಬಳೇ. ಮಿಕ್ಕವರಿಗೆ ಯಾರು ಹೇಳುತ್ತಾರೆ ಮೇಷ್ಟ್ರೇ?” ಕೋಪದ ದನಿಯಿರಲಿಲ್ಲ. ಹೊತ್ತು ಮುಳುಗಲು ಇನ್ನೂ ಸಮಯವಿದೆಯೆಂದು ಒಳಗೆ ಹೋಗಿ, ನೀರು ಸೋಸಿ ತಂದು ಕೊಟ್ಟು, ಅನ್ನ ತೊವ್ವೆ ಬಡಿಸಿದರು. ಮೇಷ್ಟ್ರು ತಲೆ ತಗ್ಗಿಸಿ ಉಂಡರು.

ಆ ವರ್ಷವೂ ಮರುವರ್ಷವೂ ಸಾಮೂಹಿಕ ಭೋಜನ ನಡೆಯಲಿಲ್ಲ. ಪಂಕ್ತಿಯೇ ಇಲ್ಲದಾಗ ಪಂಕ್ತಿಯಲ್ಲಿ ಹೇಳುವುದೆಲ್ಲಿಂದ ಬಂತು ಎಂದು ಮೇಷ್ಟ್ರಿಗೆ ಒಳಗೊಳಗೇ ನೆಮ್ಮದಿಯೂ ಆಗಿತ್ತೆಂದು ಅವರೇ ಬಳಿಕ ಹೇಳಿದ್ದುಂಟು. 2022ರಲ್ಲಿ ಭೋಜನ ಮತ್ತೆ ಗೊತ್ತಾದಾಗ ವಿಷಯವನ್ನು ಟ್ರಸ್ಟಿನ ಸಭೆಯ ಮುಂದಿಟ್ಟರು. ಕೆಲವರು ಒಪ್ಪಲಿಲ್ಲ. ಹಳೆಯದನ್ನು ಕೆದಕುವುದರಿಂದ ಸಂಸ್ಥೆಯ ಮರ್ಯಾದೆ ಹೋಗುತ್ತದೆ, ಆಕೆಗೊಂದು ಸೀರೆ ಕೊಟ್ಟು ಸನ್ಮಾನಿಸಿದರೆ ಸಾಕು ಎಂದರು. ಸನ್ಮಾನವು ಎಷ್ಟೋ ಸಲ ಕ್ಷಮೆ ಕೇಳದಿರಲು ಕಂಡುಕೊಂಡ ಉಪಾಯವಾಗಿರುತ್ತದೆ.

ಇಲ್ಲಿ ಆದಿನಾಥರ ಪಾರಣೆಯ ಪ್ರಸಂಗವನ್ನು ನೆನೆಯಬೇಕು. ದೀಕ್ಷೆಯ ಬಳಿಕ ಅವರು ಆಹಾರಕ್ಕೆಂದು ಊರೂರು ನಡೆದಾಗ ಜನರು ಭಕ್ತಿಯಿಂದ ಆನೆ ಕುದುರೆಗಳನ್ನು ತಂದರು, ರತ್ನಗಳನ್ನು ತಂದರು. ಒಂದು ತುತ್ತನ್ನು ಹೇಗೆ ನೀಡಬೇಕೆಂಬುದು ಯಾರಿಗೂ ತಿಳಿಯದು. ಹಸ್ತಿನಾಪುರದ ಶ್ರೇಯಾಂಸನಿಗೆ ಪೂರ್ವಜನ್ಮದ ಸ್ಮರಣೆಯಾಗಿ ಆ ವಿಧಿ ಹೊಳೆದು, ಅವನು ಕಬ್ಬಿನ ರಸವನ್ನಿತ್ತನು. ಆ ದಿನವೇ ಅಕ್ಷಯ ತೃತೀಯಾ. ದಾತೃವಿಗೆ ಹೇಳಿದ ಸಪ್ತಗುಣಗಳಲ್ಲಿ ಶ್ರದ್ಧೆ, ಭಕ್ತಿಗಳ ಜೊತೆಗೆ ವಿಜ್ಞಾನವೂ ಕ್ಷಮೆಯೂ ಸೇರಿರುವುದನ್ನು ಗಮನಿಸಬೇಕು. ತುಪ್ಪದ ಡಬ್ಬ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಎರಡು ಬಾರಿ ಓದುತ್ತೇವೆ. ನೀಡುವುದು ಹೇಗೆಂದು ತಿಳಿದವರು ಒಲೆಯ ಹೊಗೆಯಲ್ಲಿ ನಿಂತಿರುತ್ತಾರೆ. ಅವರ ಹೆಸರನ್ನು ಓದಿದ್ದು ಎಷ್ಟು ಬಸದಿಗಳಲ್ಲಿ?

2022ರ ಕ್ಷಮಾವಣಿಯಂದು ದಾನಿಗಳ ಪಟ್ಟಿ ಓದುವ ಮೊದಲೇ ಮೇಷ್ಟ್ರು ಮೈಕು ಹಿಡಿದು ನಿಂತರು. ಎಲೆಗಳಿಗೆ ಬಡಿಸಿಯಾಗಿತ್ತು. ಹನ್ನೊಂದು ವರ್ಷದ ಹಿಂದೆ ಇದೇ ಸ್ಥಳದಲ್ಲಿ ತಾವು ಆಡಿದ ಮಾತನ್ನು ಹಾಗೆಯೇ ಮತ್ತೆ ಹೇಳಿ, ಅದು ಸುಳ್ಳೆಂದರು. ಸುಳ್ಳೆಂದು ತಮಗೆ ಒಂದೂವರೆ ತಿಂಗಳಲ್ಲಿಯೇ ತಿಳಿದಿತ್ತೆಂದೂ ಹೇಳಿದರು. ಆಕೆಯ ಹೆಸರನ್ನು ಹೇಳಿ ಕೈಮುಗಿದರು. ಅಧ್ಯಕ್ಷರು ಎಲೆಯನ್ನೇ ನೋಡುತ್ತಿದ್ದರು. ತುಪ್ಪ ಕಳುಹಿಸಿದ್ದ ದಾನಿಗಳು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗ ಎದ್ದುಬಂದು ತಾನೂ ಕೈಮುಗಿದನು. ಯಾರೋ ಒಬ್ಬರು ಊಟ ಆರಿಹೋಗುತ್ತದೆಂದು ಗೊಣಗಿದರು.

ಆಕೆ ಮೊಮ್ಮಗಳೊಡನೆ ಬಂದು ಹೆಂಗಸರ ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದರು. ಏನನ್ನೂ ಹೇಳಲಿಲ್ಲ. ಊಟ ಮುಗಿಸಿದರು. ಅಡುಗೆಗೆ ಮತ್ತೆ ಬರಬೇಕೆಂದು ಕೆಲವರು ಕೇಳಿಕೊಂಡಾಗ, ಈಗ ಕೈಯಲ್ಲಿ ಶಕ್ತಿಯಿಲ್ಲವೆಂದರು. ಹೊರಡುವ ಮುನ್ನ ಅಡುಗೆಮನೆಗೆ ಹೋಗಿ, ನೀರು ಸೋಸುವ ಬಟ್ಟೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು.

“ಇದು ಸವೆದಿದೆ ಮೇಷ್ಟ್ರೇ, ಬೇರೆ ತರಿಸಿ” ಎಂದರು. ಮೇಷ್ಟ್ರು ಅಂದೇ ಸಂಜೆ ಪೇಟೆಗೆ ಹೋಗಿ ದಪ್ಪನೆಯ ಬಟ್ಟೆ ಎರಡು ಮೀಟರು ತಂದರು.